ಹಾಯುವ ಎತ್ತಿಗೆ ಹಗ್ಗ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆಗಾಗ್ಗೆ ಒಂದು ಸಂತೋಷದ ನೋಟ ಕಾಣಸಿಗುತ್ತದೆ. ಹೊಸ ಬೈಕೋ, ಕಾರೋ, ಸೆಕೆಂಡ್ ಹ್ಯಾಂಡ್ ಆಟೋವೋ ಹೂಮಾಲೆ ಹಾಕಿಸಿಕೊಂಡು ನಿಂತಿರುತ್ತದೆ. ಸುತ್ತ ಮನೆಮಂದಿಯೆಲ್ಲ ನಿಂತಿರುತ್ತಾರೆ. "ಫಾದರ್, ಸ್ವಲ್ಪ ಮಂತ್ರಿಸಿಕೊಡಿ" ಎಂದು ಕರೆಯುತ್ತಾರೆ. ಗುರುಗಳು ಪ್ರಾರ್ಥಿಸಿ ಪವಿತ್ರ ಜಲ ಚಿಮುಕಿಸುತ್ತಾರೆ. ಕನ್ನಡಿಗೆ ಜಪಸರ ನೇತುಹಾಕುತ್ತಾರೆ. ದುಡಿದು ಕೂಡಿಟ್ಟ ಹಣದಲ್ಲಿ ಕೊಂಡ ಗಾಡಿಯನ್ನು ಮೊದಲು ದೇವರ ಮುಂದೆ ತಂದು ನಿಲ್ಲಿಸುವುದು ಒಳ್ಳೆಯ ಪದ್ಧತಿಯೇ.

ನಾನೂ ಇಂಥ ಎಷ್ಟೋ ವಾಹನಗಳನ್ನು ಆಶೀರ್ವದಿಸಿದ್ದೇನೆ. ಆದರೆ ಕೆಲವು ವರ್ಷಗಳಿಂದ ಪವಿತ್ರ ಜಲ ಚಿಮುಕಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಇದನ್ನು ಓಡಿಸುವವರು ಯಾರು? ಅವರಿಗೆ ಲೈಸೆನ್ಸ್ ಇದೆಯೇ? ವಿಮೆ ಯಾವ ತಾರೀಖಿನವರೆಗೆ ಇದೆ? ಕೆಲವರು ನಗುತ್ತಾರೆ. "ನಮ್ಮ ಫಾದರ್ ಆರ್.ಟಿ.ಓ. ಆಗಿಬಿಟ್ಟರು" ಎನ್ನುತ್ತಾರೆ. ನಗಲಿ, ಬೇಸರವಿಲ್ಲ. ಯಾಕೆ ಕೇಳುತ್ತೇನೆಂಬುದನ್ನು ಈ ವಾರ ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಇದು 2018ಕ್ಕೆ ಮುಂಚಿನ ಮಾತು. ನಾನು ಆಶೀರ್ವದಿಸಿದ ಬೈಕೊಂದನ್ನು ಆ ಮನೆಯ ಮಗ ಓಡಿಸುತ್ತಿದ್ದ. ಇಪ್ಪತ್ತರ ಹುಡುಗ, ಒಳ್ಳೆಯವನೇ. ಹಬ್ಬದ ದಿನ ಚಪ್ಪರ ಕಟ್ಟಲು ಎಲ್ಲರಿಗಿಂತ ಮುಂದೆ ಇರುತ್ತಿದ್ದವನು. ಆದರೆ ಬೈಕ್ ಹತ್ತಿದರೆ ಬೇರೆಯೇ ಮನುಷ್ಯ. ಒಂದು ಸಲ ತಿರುವಿನಲ್ಲಿ ಬಿದ್ದು ಕೈ ಮುರಿದುಕೊಂಡ. ಇನ್ನೊಂದು ಸಲ ಆಟೋಗೆ ಗುದ್ದಿ, ತಂದೆ ಹೋಗಿ ಮಾತನಾಡಿ ಹಣ ಕೊಟ್ಟು ಬಂದರು. ಸ್ನೇಹಿತರ ಜೊತೆ ಸೇರಿದ ದಿನ ಕುಡಿದೇ ಮನೆಗೆ ಬರುತ್ತಿದ್ದ. ತಾಯಿ ಅಳುತ್ತಿದ್ದರು, ತಂದೆ ಬಯ್ಯುತ್ತಿದ್ದರು. ಬೆಳಿಗ್ಗೆ ಕೀಲಿಕೈ ಮಾತ್ರ ಅದೇ ಮೊಳೆಯಲ್ಲಿ ನೇತಾಡುತ್ತಿತ್ತು.

ಒಂದು ಸಂಜೆ, ಮಬ್ಬುಗತ್ತಲಲ್ಲಿ, ಗಾರೆ ಕೆಲಸ ಮುಗಿಸಿ ಊಟದ ಡಬ್ಬಿ ಹಿಡಿದು ರಸ್ತೆಯ ಅಂಚಿನಲ್ಲೇ ನಡೆದು ಹೋಗುತ್ತಿದ್ದ ಒಬ್ಬರಿಗೆ ಆ ಬೈಕ್ ಹೊಡೆಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರು ನಮ್ಮ ಧರ್ಮಕೇಂದ್ರದವರಲ್ಲ, ನಮ್ಮ ಧರ್ಮದವರೂ ಅಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಪೊಲೀಸರು ಬೈಕಿನ ಕಾಗದ ಕೇಳಿದಾಗ ತಂದೆ ಮನೆಯೆಲ್ಲ ಹುಡುಕಿದರು. ವಿಮೆಯ ಕಾಗದ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿತ್ತು. ಅವಧಿ ಮುಗಿದು ಎರಡು ತಿಂಗಳಾಗಿತ್ತು.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮೂರು ವರ್ಷ ಮೊಕದ್ದಮೆ ನಡೆಯಿತು. ವಿಮೆ ಇಲ್ಲದ ಕಾರಣ ಪೂರ್ತಿ ಹಣವನ್ನು ಓಡಿಸಿದ ಮಗ ಮತ್ತು ಗಾಡಿಯ ಮಾಲೀಕರಾದ ತಂದೆಯೇ ಕೊಡಬೇಕೆಂದು ಆದೇಶವಾಯಿತು. ಇಂಥ ಹಣ ಕೊಡದೆ ಹೋದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅವರು ರಸ್ತೆ ಬದಿಯ ಗದ್ದೆ ಮಾರಿದರು. ಅಷ್ಟರಲ್ಲಿ ಆ ಕಡೆಯ ಮನೆಯ ದೊಡ್ಡ ಹುಡುಗಿ ಶಾಲೆ ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಯಾಗಿತ್ತು.

ಗದ್ದೆ ಮಾರಿದ ದಿನ ಆ ತಂದೆ ನನ್ನ ಬಳಿ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ ಹೇಳಿದ್ದು ಒಂದೇ ಮಾತು: "ಫಾದರ್, ನಮಗೆ ಗೊತ್ತಿತ್ತು."

ಪ್ರಿಯರೇ, ಆ ಮಾತು ನನ್ನನ್ನು ಶ್ರೀಗ್ರಂಥದ ಒಂದು ಪುಟಕ್ಕೆ ಕರೆದೊಯ್ಯಿತು. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ದೇವರು ತಮ್ಮ ಜನರಿಗೆ ಎತ್ತಿನ ಬಗ್ಗೆ ಒಂದು ಕಟ್ಟಳೆ ಕೊಡುತ್ತಾರೆ. ಓದುವಾಗ, ಇದು ನಮಗೇಕೆ ಎಂದು ಪುಟ ತಿರುವಿಬಿಡುತ್ತೇವೆ. ಆದರೆ ಅದರ ಸಾರ ಕೇಳಿ. ಒಬ್ಬನ ಎತ್ತು ಎಂದೂ ಹಾಯದಿದ್ದದ್ದು ಇದ್ದಕ್ಕಿದ್ದಂತೆ ಒಬ್ಬರನ್ನು ಹಾಯ್ದು ಕೊಂದರೆ ಎತ್ತಿನ ಯಜಮಾನ ನಿರಪರಾಧಿ. ಆದರೆ ಆ ಎತ್ತಿಗೆ ಮೊದಲಿನಿಂದಲೂ ಹಾಯುವ ಚಾಳಿಯಿದ್ದು, ಅದನ್ನು ಯಜಮಾನನಿಗೆ ತಿಳಿಸಿಯೂ ಇದ್ದು, ಅವನು ಅದನ್ನು ಕಟ್ಟಿಹಾಕದೆ ಹೋಗಿ ಅದು ಒಂದು ಪ್ರಾಣ ತೆಗೆದರೆ, ಆಗ ಅಪರಾಧ ಎತ್ತಿನದು ಮಾತ್ರವಲ್ಲ, ಯಜಮಾನನದೂ ಹೌದು. ಅದಕ್ಕೆ ಅವನು ತನ್ನ ಪ್ರಾಣವನ್ನೇ ತೆರಬೇಕು. ಈಡು ನಿಗದಿಯಾದರೆ ಕೇಳಿದಷ್ಟು ಹಣ ಕೊಟ್ಟು ಪ್ರಾಣ ಉಳಿಸಿಕೊಳ್ಳಬೇಕು.

ಎರಡು ಎತ್ತುಗಳ ನಡುವಿನ ವ್ಯತ್ಯಾಸ ಗಮನಿಸಿದಿರಾ? ಕೊಂಬು ಎರಡಕ್ಕೂ ಇತ್ತು, ಸಾವು ಎರಡು ಕಡೆಯೂ ಆಯಿತು. ವ್ಯತ್ಯಾಸವಿದ್ದದ್ದು ಒಂದರಲ್ಲೇ: ಯಜಮಾನನಿಗೆ ಗೊತ್ತಿತ್ತೋ ಇಲ್ಲವೋ ಎಂಬುದರಲ್ಲಿ. ಗೊತ್ತಿದ್ದೂ ಕಟ್ಟದವನನ್ನು ದೇವರು "ಅದು ಆಕಸ್ಮಿಕ" ಎನ್ನಲು ಬಿಡುವುದಿಲ್ಲ. ನಾವಾದರೋ ಪ್ರತಿಯೊಂದು ಅಪಘಾತವನ್ನೂ "ಹಣೆಬರಹ", "ದೇವರ ಚಿತ್ತ" ಎಂದು ಮುಗಿಸಿಬಿಡುತ್ತೇವೆ. ನಮ್ಮ ಅಲಕ್ಷ್ಯವನ್ನು ದೇವರ ಚಿತ್ತವೆಂದು ಕರೆಯುವುದು ದೇವರ ಮೇಲೆ ಹೊರಿಸುವ ಸುಳ್ಳು ಆಪಾದನೆಯಲ್ಲವೇ?

2022ನೇ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಕಾರಣ ಅತಿವೇಗ. ಇವೆಲ್ಲ ಹಿಂದೆಂದೂ ಹಾಯದ ಎತ್ತುಗಳ ಕೆಲಸವೆಂದು ನಂಬಲು ನನಗಾಗುವುದಿಲ್ಲ.

ಹಾಗಾದರೆ ನಮ್ಮ ನಡುವೆ ಹಾಯುವ ಎತ್ತು ಯಾರು? ಕುಡಿದು ಓಡಿಸುವವನು ಮೊದಲನೆಯವನು, ಅದರಲ್ಲಿ ಸಂಶಯವಿಲ್ಲ. ವೇಗದ ಹುಚ್ಚಿನವನು ಎರಡನೆಯವನು. ಆದರೆ ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಮೊಬೈಲನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡು ಮಾತನಾಡುವವರು ಇದ್ದಾರೆ. ಎರಡು ಪಾಳಿ ದುಡಿದು ನಿದ್ದೆಗಣ್ಣಿನಲ್ಲೇ ರಾತ್ರಿ ಘಾಟಿ ಇಳಿಯುವ ಚಾಲಕರಿದ್ದಾರೆ. ಎದುರಿನ ದೀಪಕ್ಕೆ ಕಣ್ಣು ಕತ್ತಲಿಟ್ಟರೂ "ನಲವತ್ತು ವರ್ಷದ ಅನುಭವ" ಎನ್ನುವ ಹಿರಿಯರಿದ್ದಾರೆ. ಲೈಸೆನ್ಸಿನ ವಯಸ್ಸಾಗದ ಮಗನಿಗೆ "ಹತ್ತಿರದ ಅಂಗಡಿಗೆ ತಾನೇ" ಎಂದು ಕೀಲಿಕೈ ಕೊಡುವ ತಂದೆತಾಯಿಯರಿದ್ದಾರೆ. ಇವರಲ್ಲಿ ಯಾರೂ ದುಷ್ಟರಲ್ಲ. ಆ ಎತ್ತೂ ದುಷ್ಟವಾಗಿರಲಿಲ್ಲ. ಆದರೆ ಕಟ್ಟಬೇಕಾಗಿತ್ತು.

ಧರ್ಮಸಭೆ ಈ ವಿಷಯದಲ್ಲಿ ಮೃದುವಾಗಿ ಮಾತನಾಡುವುದಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2290ನೇ ಪರಿಚ್ಛೇದವನ್ನು ತೆರೆದು ನೋಡಿ. ಕುಡಿತದಿಂದಲೋ ವೇಗದ ಮೋಹದಿಂದಲೋ ತಮ್ಮ ಹಾಗೂ ಪರರ ಸುರಕ್ಷತೆಗೆ ಅಪಾಯ ತರುವವರು ಗಂಭೀರ ಅಪರಾಧಕ್ಕೆ ಗುರಿಯಾಗುತ್ತಾರೆಂದು ಅಲ್ಲಿ ಹೇಳಿದೆ. ಅದು ಬರುವುದು, ಕೊಲ್ಲಬಾರದೆಂಬ ಐದನೆಯ ಕಟ್ಟಳೆಯ ವಿವರಣೆಯಲ್ಲಿ. ಗಮನಿಸಿ, ಯಾರಾದರೂ ಸತ್ತರೆ ಮಾತ್ರ ಎಂದು ಅಲ್ಲಿ ಹೇಳಿಲ್ಲ. ಅಪಾಯ ತಂದೊಡ್ಡುವುದೇ ಅಪರಾಧ. ಕುಡಿದು ಓಡಿಸಿಯೂ ಸುಖವಾಗಿ ಮನೆ ಸೇರಿದವನು "ಏನೂ ಆಗಲಿಲ್ಲವಲ್ಲ" ಎನ್ನಬಹುದು. ಪಾಪನಿವೇದನೆಯಲ್ಲಿ ನಾವು ಸಣ್ಣಪುಟ್ಟ ಕೋಪತಾಪಗಳನ್ನೆಲ್ಲ ಹೇಳುತ್ತೇವೆ. ಇದನ್ನು ಹೇಳಬೇಕೆಂಬ ಯೋಚನೆಯೂ ಅನೇಕರಿಗೆ ಬರುವುದಿಲ್ಲ.

ಇನ್ನು ವಿಮೆಯ ಮಾತಿಗೆ ಬರೋಣ. "ಧರ್ಮೋಪದೇಶದಲ್ಲಿ ವಿಮೆಯೇಕೆ?" ಎಂದು ನೀವು ಕೇಳಬಹುದು. ನಮ್ಮಲ್ಲಿ ಬಹುಮಂದಿ ವಿಮೆಯನ್ನು ಪೊಲೀಸರಿಗೆ ತೋರಿಸುವ ಚೀಟಿ ಎಂದುಕೊಂಡಿದ್ದಾರೆ. 1988ರ ಮೋಟಾರು ವಾಹನ ಕಾಯಿದೆ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯ ಮಾಡಿದೆ. ಈ ಮೂರನೇ ವ್ಯಕ್ತಿ ಯಾರು? ನೀವಲ್ಲ, ವಿಮೆ ಕಂಪನಿಯೂ ಅಲ್ಲ. ನಿಮ್ಮ ಗಾಡಿಯಿಂದ ಪೆಟ್ಟು ತಿನ್ನಬಹುದಾದ, ನೀವಿನ್ನೂ ಮುಖ ನೋಡಿರದ ಮನುಷ್ಯ. ಶಾಸ್ತ್ರಪಂಡಿತನೊಬ್ಬ ಪ್ರಭು ಯೇಸುವಿನ ಬಳಿ, ತನ್ನ ನೆರೆಯವನು ಯಾರೆಂದು ಕೇಳಿದನಲ್ಲ, ಅವನಿಗೆ ಸಿಕ್ಕ ಉತ್ತರದಲ್ಲಿದ್ದವನೂ ರಸ್ತೆಯಲ್ಲಿ ಬಿದ್ದಿದ್ದ ಒಬ್ಬ ಅಪರಿಚಿತನೇ. ಅವನನ್ನು ಎತ್ತಿಕೊಂಡು ಹೋದ ಸಮಾರಿಯದವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿ ಮಾತು ಕೊಟ್ಟ. ಪೆಟ್ಟು ಕೊಟ್ಟವನೇ ಅಲ್ಲದ ಅವನು ಮುಂದಿನ ಖರ್ಚಿಗೂ ಹೊಣೆ ನಿಂತ. ಪೆಟ್ಟು ಕೊಡಬಹುದಾದ ನಾವು ಅಷ್ಟಾದರೂ ಮಾಡಬೇಡವೇ?

ಹಾಗೆ ನೋಡಿದರೆ ಈ ವಿಮೆ ದಾನವಲ್ಲ, ನ್ಯಾಯ. ಪಾಪವನ್ನು ದೇವರು ಕ್ಷಮಿಸುತ್ತಾರೆ. ಆದರೆ ಮಾಡಿದ ನಷ್ಟವನ್ನು ತುಂಬಿಕೊಡುವ ಹೊಣೆ ನಮ್ಮ ಮೇಲೆ ಹಾಗೆಯೇ ಉಳಿಯುತ್ತದೆ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಮಾಡಿದ್ದು, ಮೋಸ ಮಾಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುವ ಸಂಕಲ್ಪ. ನಮ್ಮಲ್ಲಿ ಎಷ್ಟು ಮನೆಗಳು ಒಬ್ಬ ದುಡಿಯುವ ಮನುಷ್ಯನ ಇಪ್ಪತ್ತು ವರ್ಷದ ಸಂಪಾದನೆಯನ್ನು ಒಂದೇ ಸಲಕ್ಕೆ ತುಂಬಿಕೊಟ್ಟಾವು? ತುಂಬಿಕೊಡಲಾರೆವೆಂದು ಮೊದಲೇ ಗೊತ್ತಿರುವ ಕಾರಣಕ್ಕೇ ವಿಮೆ ಇರುವುದು. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, ನಮ್ಮ ಜನ ಹೆಚ್ಚಾಗಿ ಬಳಸುವ 75 ಸಿ.ಸಿ.ಯಿಂದ 150 ಸಿ.ಸಿ.ವರೆಗಿನ ಬೈಕಿಗೆ ಇದರ ಕಂತು ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ತಿಂಗಳಿಗೆ ಅರವತ್ತು ಎಪ್ಪತ್ತು ರೂಪಾಯಿಯ ಮಾತು. ಅದನ್ನು ಉಳಿಸಲು ಹೋಗಿ ಒಬ್ಬ ವಿಧವೆಯ ಅನ್ನವನ್ನು ಅಪಾಯಕ್ಕೆ ಒಡ್ಡುವುದು, ಕದಿಯಬಾರದೆಂಬ ಏಳನೆಯ ಕಟ್ಟಳೆಯ ಅಂಚಿಗೆ ಬಂದು ನಿಂತಂತೆ.

ಒಂದು ಎಚ್ಚರಿಕೆ: 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಬೈಕು ಕೊಳ್ಳುವಾಗಲೇ ಐದು ವರ್ಷಕ್ಕೆ, ಹೊಸ ಕಾರು ಕೊಳ್ಳುವಾಗ ಮೂರು ವರ್ಷಕ್ಕೆ ಮೂರನೇ ವ್ಯಕ್ತಿಯ ವಿಮೆ ಮಾಡಿಸುವ ನಿಯಮ ಬಂತು. ಒಳ್ಳೆಯದೇ. ಆದರೆ ಐದು ವರ್ಷ ನೆನಪು ಮಾಡಿಕೊಳ್ಳದೆ ಇದ್ದವರಿಗೆ ಆರನೆಯ ವರ್ಷ ನೆನಪಾಗುವುದು ಕಷ್ಟ. ಕ್ಯಾಲೆಂಡರಿನ ಹಿಂದೆ ಕಾಗದ ಸಿಕ್ಕಿಸಿದರೆ ಸಾಲದು. ಕ್ಯಾಲೆಂಡರಿನ ಮೇಲೆ ಆ ತಾರೀಖಿಗೆ ಗುರುತು ಹಾಕಿ.

ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿದರೆ ಇನ್ನೊಂದು ಸಂಗತಿ ಹೇಳುತ್ತಾರೆ. ಅಲ್ಲಿ ವಿಮೆಯ ಕಂತು ಓಡಿಸುವವನ ನಡತೆಯನ್ನು ಹಿಂಬಾಲಿಸುತ್ತದೆ. ಕುಡಿದು ಸಿಕ್ಕಿಬಿದ್ದವನು, ಪದೇ ಪದೇ ಅಪಘಾತ ಮಾಡಿದವನು ಹೆಚ್ಚು ಅಪಾಯದ ಚಾಲಕ ಎನಿಸಿಕೊಳ್ಳುತ್ತಾನೆ. ಅವನ ಕಂತು ಏರುತ್ತದೆ. ಅನೇಕ ರಾಜ್ಯಗಳಲ್ಲಿ ಅವನಿಗೆ ವಿಮೆ ಇದೆಯೆಂದು ಕಂಪನಿಯೇ ಸರ್ಕಾರಕ್ಕೆ ಪ್ರಮಾಣಪತ್ರ ಕೊಡಬೇಕು. ನಮ್ಮಲ್ಲಿ ಮೂರನೇ ವ್ಯಕ್ತಿಯ ವಿಮೆಯ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. ಅದು ಇಂಜಿನ್ನಿನ ಗಾತ್ರ ನೋಡುತ್ತದೆಯೇ ಹೊರತು ಓಡಿಸುವವನ ಗುಣ ನೋಡುವುದಿಲ್ಲ. ಸ್ವಂತ ಗಾಡಿಯ ನಷ್ಟದ ವಿಮೆಯಲ್ಲಿ ಮಾತ್ರ, ಒಂದು ವರ್ಷ ಪರಿಹಾರ ಕೇಳದಿದ್ದವರಿಗೆ ನೂರಕ್ಕೆ 20ರಷ್ಟು, ಐದು ವರ್ಷ ಕೇಳದಿದ್ದವರಿಗೆ 50ರಷ್ಟು ರಿಯಾಯಿತಿ ಸಿಗುತ್ತದೆ. ಓಡಿಸುವ ರೀತಿ ನೋಡಿ ಕಂತು ನಿರ್ಧರಿಸುವ ಪಾಲಿಸಿಗಳಿಗೆ 2022ರ ಜುಲೈನಲ್ಲಷ್ಟೇ ಒಪ್ಪಿಗೆ ಸಿಕ್ಕಿತು.

ಇದರ ಅರ್ಥವೇನು? ಸಾಧುವಾಗಿ ಓಡಿಸುವ ಶಾಲಾ ಮೇಷ್ಟ್ರಿಗೂ, ಮೂರು ಸಲ ಗುದ್ದಿದ ಹುಡುಗನಿಗೂ ನಮ್ಮಲ್ಲಿ ಆ ಕಂತು ಒಂದೇ. ಯಾರು ಹಾಯುವ ಎತ್ತು ಎಂದು ಬರೆದಿಡುವ ಪುಸ್ತಕ ಕಂಪನಿಯ ಬಳಿ ಇಲ್ಲ. ಆ ಲೆಕ್ಕ ಗೊತ್ತಿರುವುದು ಮನೆಯವರಿಗೆ. ರಾತ್ರಿ ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿರುವ ತಾಯಿಗೆ ಗೊತ್ತು, ಹಿಂದೆ ಕುಳಿತು ಕಣ್ಣು ಮುಚ್ಚಿಕೊಳ್ಳುವ ಹೆಂಡತಿಗೆ ಗೊತ್ತು, ಎಲ್ಲರಿಗಿಂತ ಹೆಚ್ಚಾಗಿ ಓಡಿಸುವವನ ಮನಸ್ಸಾಕ್ಷಿಗೆ ಗೊತ್ತು. ಆದ್ದರಿಂದ ಕಟ್ಟುವ ಹಗ್ಗವೂ ಅವರ ಕೈಯಲ್ಲೇ ಇದೆ.

ಹಾಗೆಂದು, ವಿಮೆ ಇದ್ದರೆ ಎಲ್ಲ ಮುಗಿಯಿತೇ? ಇಲ್ಲ. ವಿಮೆ ಹಣ ತುಂಬಿಕೊಡುತ್ತದೆ, ತಪ್ಪನ್ನು ತೊಳೆಯುವುದಿಲ್ಲ. ಕುಡಿದು ಓಡಿಸಿ ಗಾಡಿ ಜಜ್ಜಿಕೊಂಡವನಿಗೆ ಪಾಲಿಸಿಯ ಷರತ್ತಿನ ಪ್ರಕಾರ ಸ್ವಂತ ಗಾಡಿಯ ನಷ್ಟ ಸಿಗುವುದಿಲ್ಲ. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ, ಸತ್ತವರ ಮನೆಯವರಿಗೆ ಮೊದಲು ಕಂಪನಿಯಿಂದ ಹಣ ಕೊಡಿಸಿ, ಬಳಿಕ ಗಾಡಿಯ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಾಲಯಗಳು ಬಿಡುವುದುಂಟು. 2025ರ ಜುಲೈನಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ, ತನ್ನದೇ ದುಡುಕಿನ ಚಾಲನೆಯಿಂದ ಸತ್ತವನ ಹೆಂಡತಿ ಮಕ್ಕಳು ಕೇಳಿದ ಪರಿಹಾರವನ್ನು ಕೊಡಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವೇಗವಾಗಿ ಓಡಿಸುವ ಯಜಮಾನರೇ, ನಿಮ್ಮ ಹಿಂದೆ ಉಳಿಯುವವರನ್ನು ಒಮ್ಮೆ ನೆನೆಯಿರಿ.

ಮಕ್ಕಳ ಕೈಗೆ ಕೀಲಿಕೈ ಕೊಡುವ ತಂದೆತಾಯಿಯರಿಗೆ ಕಾನೂನೂ ಈಗ ವಿಮೋಚನಾಕಾಂಡದ ಮಾತನ್ನೇ ಆಡುತ್ತಿದೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು, ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ಗೊತ್ತಿಲ್ಲದೆ ಅಥವಾ ತಡೆಯಲು ಪ್ರಯತ್ನಿಸಿದ ಮೇಲೂ ಹಾಗಾಯಿತೆಂದು ಅವರೇ ಸಾಬೀತು ಮಾಡಬೇಕು. ಗೊತ್ತಿತ್ತೋ, ಕಟ್ಟಿದೆಯೋ ಎಂಬ ಆ ಹಳೆಯ ಪ್ರಶ್ನೆಯೇ ಇಲ್ಲಿಯೂ ಇದೆ.

ಇನ್ನೂ ಕೆಲವರು ಹೇಳುತ್ತಾರೆ: "ಜಪಸರ ಕಟ್ಟಿದ್ದೇನೆ, ಸಂತ ಕ್ರಿಸ್ಟೋಫರರ ಪದಕ ಇಟ್ಟಿದ್ದೇನೆ, ಮಾತೆ ಮರಿಯಮ್ಮ ಕಾಯುತ್ತಾರೆ." ನಂಬಿಕೆ ಒಳ್ಳೆಯದೇ. ಆದರೆ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಪ್ರಭುವಿಗೆ ಹೇಳಿದವನು ಯಾರೆಂದು ಮರೆಯಬೇಡಿ. ದೇವರನ್ನು ಪರೀಕ್ಷಿಸಬಾರದೆಂದು ಪ್ರಭು ಅವನ ಬಾಯಿ ಮುಚ್ಚಿಸಿದರು. ಹೆಲ್ಮೆಟ್ ತೊಡದೆ, ಮಿತಿ ಮೀರಿದ ವೇಗದಲ್ಲಿ, ಕನ್ನಡಿಗೆ ಜಪಸರ ಕಟ್ಟಿ ಹೋಗುವುದು ಭಕ್ತಿಯಲ್ಲ. ಅದು ಶಿಖರದಿಂದ ಹಾರುವುದು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಇನ್ನೊಂದು ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಹಾಕಬೇಕು. ಇಲ್ಲವಾದರೆ ಅಲ್ಲಿಂದ ಬಿದ್ದವರ ರಕ್ತದ ಹೊಣೆ ಆ ಮನೆಯ ಮೇಲೆ. ಯಾರೂ ಬೀಳುವ ಮೊದಲೇ ಹಾಕಬೇಕಾದ ಗೋಡೆ ಅದು. ನಮ್ಮ ಮನೆಗಳ ಸುತ್ತ ಅಂಥ ಗೋಡೆ ಹಾಕೋಣ.

ಮದುವೆ, ನಾಮಕರಣ, ಹಬ್ಬದ ಊಟಕ್ಕೆ ಹೊರಡುವಾಗ ಮನೆಯಲ್ಲೇ ತೀರ್ಮಾನವಾಗಲಿ: ಇಂದು ಓಡಿಸುವವರು ಕುಡಿಯುವುದಿಲ್ಲ, ಕುಡಿಯುವವರು ಓಡಿಸುವುದಿಲ್ಲ. ಊಟ ಹಾಕುವ ಮನೆಯವರೂ ಅತಿಥಿಯ ಕೀಲಿಕೈ ಕೇಳಿ ಇಟ್ಟುಕೊಳ್ಳಲು ನಾಚಬಾರದು. ಎರಡು ಸಲ ಗುದ್ದಿದ ಮಗನಿಗೆ ಬಯ್ಗುಳ ಸಾಕು; ಆರು ತಿಂಗಳು ಬಸ್ಸಿನಲ್ಲಿ ಓಡಾಡಲಿ, ಮತ್ತೆ ಒಳ್ಳೆಯ ತರಬೇತಿದಾರರ ಬಳಿ ಮೊದಲಿನಿಂದ ಕಲಿಯಲಿ. 55 ದಾಟಿದವರಿಗೆ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವುದು ಸುಮ್ಮನೆಯಲ್ಲ. ವೈದ್ಯರ ಸರ್ಟಿಫಿಕೇಟನ್ನು ಹಣ ಕೊಟ್ಟು ಬರೆಸಿಕೊಳ್ಳದೆ ನಿಜವಾಗಿ ಕಣ್ಣು ತೋರಿಸಿ. ಅಪ್ಪನಿಗೆ "ಇನ್ನು ರಾತ್ರಿ ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ದಾರಿ ಹೇಳಿ" ಎಂದು ಗೌರವದಿಂದ ಹೇಳುವ ಮಕ್ಕಳು, ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ಮೀರುವುದಿಲ್ಲ, ಪಾಲಿಸುತ್ತಾರೆ.

ಅಪಘಾತ ಆಗಿಯೇ ಹೋದರೆ ಓಡಿಹೋಗಬೇಡಿ. ಗುದ್ದಿದವನು ಪತ್ತೆಯಾಗದಿದ್ದರೆ ಸತ್ತವರ ಮನೆಗೆ 2022ರ ಯೋಜನೆಯಂತೆ ಸಿಗುವುದು 2 ಲಕ್ಷ ರೂಪಾಯಿ, ತೀವ್ರ ಗಾಯಗೊಂಡವರಿಗೆ 50,000. ನೀವು ನಿಂತರೆ ಅವರಿಗೆ ನ್ಯಾಯ ಸಿಕ್ಕೀತು. ಬೇಗ ಆಸ್ಪತ್ರೆ ಸೇರಿದರೆ ಜೀವವೇ ಉಳಿದೀತು. ದಾರಿಯಲ್ಲಿ ಕಂಡವರೂ ಹೆದರಬೇಕಾಗಿಲ್ಲ. ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡದಂತೆ 2019ರಿಂದ ಕಾಯಿದೆಯೇ ರಕ್ಷಣೆ ಕೊಟ್ಟಿದೆ. ಕಾನೂನಿನ ಆ ಕಲಮಿನ ಇಂಗ್ಲಿಷ್ ಹೆಸರಿನಲ್ಲಿ ನಮ್ಮ ಸಮಾರಿಯದವನೇ ಇದ್ದಾನೆ.

ಆರಂಭದಲ್ಲಿ ಹೇಳಿದ ಮನೆಯ ಕಥೆ ಅರ್ಧಕ್ಕೆ ನಿಂತಿತು. 2007ರ ಜೂನ್‌ನಲ್ಲಿ ವ್ಯಾಟಿಕನ್ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಹೊರಡಿಸಿತ್ತು. ತಪ್ಪಿತಸ್ಥ ಚಾಲಕನನ್ನೂ ನೊಂದವರನ್ನೂ ತಕ್ಕ ಕಾಲದಲ್ಲಿ ಒಂದುಗೂಡಿಸಿ, ಕ್ಷಮೆಯ ಬಿಡುಗಡೆಯನ್ನು ಅವರು ಅನುಭವಿಸುವಂತೆ ಮಾಡಬೇಕೆಂಬುದು ಅದರಲ್ಲಿ ಎಂಟನೆಯದು. ಹಣವೆಲ್ಲ ಪಾವತಿಯಾದ ಮೇಲೆ ಒಂದು ದಿನ ಆ ತಂದೆ ಮಗನನ್ನು ಕರೆದುಕೊಂಡು ನಾನು ಆ ತಾಯಿಯ ಮನೆಗೆ ಹೋದೆ. ಹುಡುಗ ಬಾಗಿಲಲ್ಲೇ ನಿಂತು, "ಅಮ್ಮಾ, ನನ್ನಿಂದ ತಪ್ಪಾಯಿತು" ಎಂದ. ಮುಂದೆ ಮಾತು ಬರಲಿಲ್ಲ. ಆಕೆ ಬಹಳ ಹೊತ್ತು ಅವನನ್ನೇ ನೋಡಿದರು. ಕ್ಷಮಿಸಿದೆ ಎನ್ನಲಿಲ್ಲ, ಹಾಗೆನ್ನಲು ನಾನೂ ಒತ್ತಾಯಿಸಲಿಲ್ಲ. ಒಳಗೆ ಹೋಗಿ ಮೂರು ಲೋಟ ನೀರು ತಂದಿಟ್ಟರು. "ಇನ್ನಾದರೂ ನಿಧಾನವಾಗಿ ಹೋಗಪ್ಪ" ಎಂದರು. ಹುಡುಗ ಆ ನೀರನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಈಗ ಅವನಿಗೆ ಮದುವೆಯಾಗಿದೆ, ಒಂದು ಮಗುವಿದೆ. ಅವನ ಸ್ಕೂಟರಿನ ಹಿಂದೆ ಬರುವವರು ಹಾರ್ನ್ ಹೊಡೆದು ಬೇಸತ್ತು ಮುಂದೆ ಹೋಗುತ್ತಾರೆ.

ಈ ರಾತ್ರಿ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ:

ನಮ್ಮ ಮನೆಯಲ್ಲಿ ಯಾರು ಓಡಿಸುವಾಗ ನಮಗೆ ಭಯವಾಗುತ್ತದೆ? ಅದನ್ನು ಅವರಿಗೆ ಪ್ರೀತಿಯಿಂದ ಹೇಳಿದ್ದೇವೆಯೇ?

ಗೊತ್ತಿದ್ದೂ ಕೀಲಿಕೈ ಕೊಟ್ಟದ್ದುಂಟೇ?

ಕುಡಿದು ಅಥವಾ ವೇಗವಾಗಿ ಓಡಿಸಿದ್ದನ್ನು ಪಾಪನಿವೇದನೆಯಲ್ಲಿ ಹೇಳಿದ್ದೇವೆಯೇ?

ನಮ್ಮ ಪ್ರತಿಯೊಂದು ಗಾಡಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಎದ್ದು ಹೋಗಿ ಕಾಗದ ತೆಗೆದು ನೋಡಿ. ಅದೂ ಪ್ರಾರ್ಥನೆಯೇ.

ಸ್ವಾಮೀ, ನಮ್ಮ ಕೈಗೆ ಕೊಟ್ಟ ಬಲವು ಯಾರ ಮನೆಯ ದೀಪವನ್ನೂ ಆರಿಸದಿರಲಿ. ನಮ್ಮಲ್ಲಿರುವ ಹಾಯುವ ಗುಣವನ್ನು ಕಾಣುವ ಕಣ್ಣನ್ನೂ ಅದನ್ನು ಕಟ್ಟುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ರಸ್ತೆಯಲ್ಲಿ ಪ್ರಾಣ ಬಿಟ್ಟವರಿಗೆ ನಿತ್ಯ ವಿಶ್ರಾಂತಿಯನ್ನೂ ಅವರ ಮನೆಯವರಿಗೆ ನ್ಯಾಯವನ್ನೂ ಸಾಂತ್ವನವನ್ನೂ ಕರುಣಿಸಿರಿ. ಆಮೆನ್.